ಚೀಟಿಯ ಎರಡನೇ ಸಾಲು

ನಮ್ಮ ರೇಸ್ ಮೈದಾನದ ಜಾಕಿಗಳು ಕುದುರೆಗೆ ಹೆದರುತ್ತಿರಲಿಲ್ಲ, ತೂಕದಕ್ಕನಿಗೆ ಹೆದರುತ್ತಿದ್ದರು. ಕುದುರೆ ಕೆಡವಿದರೆ ಮೂಳೆ ಮುರಿಯುತ್ತದೆ, ಒಂದೆರಡು ತಿಂಗಳಲ್ಲಿ ಕೂಡಿಕೊಳ್ಳುತ್ತದೆ. ತೂಕದಕ್ಕ ಹುಬ್ಬು ಗಂಟಿಕ್ಕಿದಳೋ, ಆ ದಿನದ ಸವಾರಿಯೇ ಹೋಯಿತು.

ಅವಳ ರಾಜ್ಯ ಒಂದು ಚಿಕ್ಕ ಕೋಣೆ. ಅಲ್ಲಿ ಆಳೆತ್ತರದ ತಕ್ಕಡಿ, ಅದರ ಮೇಲೆ ತಟ್ಟೆಯಷ್ಟು ದೊಡ್ಡ ಗಾಜಿನ ಮುಖ, ಒಳಗೊಂದು ಕರಿ ಮುಳ್ಳು. ರೇಸಿಗೆ ಮುಂಚೆ ಜೀನನ್ನು ತಬ್ಬಿಕೊಂಡು ಅದನ್ನು ಹತ್ತಬೇಕು, ಮುಗಿದ ಮೇಲೆ ಮತ್ತೆ ಹತ್ತಬೇಕು. ಹೋಗುವಾಗಿನ ತೂಕವೇ ಬರುವಾಗಲೂ ಇರಬೇಕು. ನಾನು ಮೊದಲ ಸಲ ಹತ್ತಿದಾಗ ಹೊಟ್ಟೆ ಎಳೆದುಕೊಂಡು ನಿಂತಿದ್ದೆ. "ಉಸಿರು ಹಿಡಿದ್ರೆ ತೂಕ ಇಳಿಯಲ್ಲ ಗುಬ್ಬಿ, ಮುಖ ಕೆಂಪಾಗುತ್ತೆ ಅಷ್ಟೇ" ಅಂದಳು. ಗುಬ್ಬಿ ಅನ್ನುವ ಹೆಸರು ಅಂಟಿದ್ದು ಅವತ್ತೇ. ಇಪ್ಪತ್ತಾರು ವರ್ಷ ಅವಳು ಎಲ್ಲರಿಗೂ ಹೇಳುತ್ತಿದ್ದ ಮಾತು ಒಂದೇ: ಮುಳ್ಳು ನಿಲ್ಲುವವರೆಗೂ ಇಳಿಯಬೇಡ.

ಆ ಮಾತನ್ನು ಅವಳೇ ಒಂದು ಸಲ ಮುರಿದಿದ್ದಳು. ಅವಳ ತಮ್ಮನೂ ಜಾಕಿ. ಹನ್ನೊಂದು ವರ್ಷದ ಹಿಂದೆ ಅವನು ಗೆಲ್ಲಬಹುದಾದ ಕುದುರೆಯ ಲಗಾಮು ಬಿಗಿಹಿಡಿದು ಸೋಲಿಸಿದ. ನೋಡಿದವರಿಗೆಲ್ಲ ಗೊತ್ತಾಯಿತು. ರೇಸಿನ ನ್ಯಾಯ ನೋಡುವ ಸ್ಟೂವರ್ಡ್‌ಗಳ ಮುಂದೆ ಅವನು, ಟ್ರೇನರ್ ಹೇಳಿದ ಹಾಗೆ ಮಾಡಿದೆ ಅಂದ. ನಾನು ಹಾಗೆ ಹೇಳೇ ಇಲ್ಲ ಅಂದ ಟ್ರೇನರ್. ಕುದುರೆ ಹತ್ತಿಸುವಾಗ ಕಿವಿಯಲ್ಲಿ ಉಸುರಿದ ಮಾತಿಗೆ ಸಾಕ್ಷಿ ಯಾರು, ಕುದುರೆಯೇ? ತಮ್ಮನ ಲೈಸೆನ್ಸ್ ಶಾಶ್ವತವಾಗಿ ಹೋಯಿತು. ಆ ರೇಸಿನಿಂದ ಬಂದು ತಕ್ಕಡಿ ಹತ್ತಿದವನು, ಹೊರಗಿನ ಬೈಗುಳ ಕೇಳಲಾರದೆ, ಮುಳ್ಳು ಇನ್ನೂ ಓಲಾಡುತ್ತಿರುವಾಗಲೇ ಇಳಿದು ಓಡಿದ್ದ. ಅಕ್ಕ ಅಂದಾಜಿಗೆ ಒಂದು ಅಂಕಿ ಬರೆದಳು. ಇದನ್ನು ನನಗೆ ಹೇಳಿದ್ದು ಅವಳೇ.

"ಅವನು ತಪ್ಪು ಮಾಡಿಲ್ಲ ಅಂತ ನಾನು ಹೇಳಲ್ಲ ಗುಬ್ಬಿ" ಅಂದಿದ್ದಳು. "ಆದ್ರೆ ಹೇಳಿದೋನು ಇವತ್ತಿಗೂ ಕುದುರೆ ಪಳಗಿಸ್ತಾನೆ, ಕೇಳಿದೋನು ಜೀನು ಹೊಲೀತಾನೆ."

ಹೇಳಿದವನೇ ನಮ್ಮ ಬಿಳಿಟೋಪಿ. ಮೈದಾನದ ಅತಿ ದೊಡ್ಡ ಟ್ರೇನರ್. ಬಿಸಿಲಿರಲಿ ಮೋಡವಿರಲಿ ಬಿಳಿ ಟೋಪಿ, ನಗುಮುಖ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು. ನಾನು ಸವಾರಿ ಮಾಡುತ್ತಿದ್ದದ್ದೂ ಅವನ ಕುದುರೆಗಳನ್ನೇ. ಬೈಯುವವರು ಬೈದುಕೊಳ್ಳಲಿ, ಹೊಟ್ಟೆಪಾಡು.

ತಮ್ಮನಿಗಾದದ್ದು ಇನ್ನೊಬ್ಬನಿಗೆ ಆಗಬಾರದು ಅಂತ ಅಕ್ಕ ಒಂದು ಚೀಟಿ ತಯಾರಿಸಿದಳು. ಕುದುರೆಯನ್ನು ಹೇಗೆ ಓಡಿಸಬೇಕು ಅಂತ ಟ್ರೇನರ್ ಬೆಳಿಗ್ಗೆಯೇ ಬರೆದು ಸಹಿ ಹಾಕಬೇಕು. ಜಾಕಿ ಓದಿ ತಾನೂ ಸಹಿ ಹಾಕಬೇಕು. ಅದನ್ನು ಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಬೇಕು. ಆಮೇಲೆ ಮನಸ್ಸು ಬದಲಾದರೆ ಅವಳಿಗೆ ತಿಳಿಸಿ ಹಲಗೆಯಲ್ಲೂ ಬದಲಾಯಿಸಬೇಕು. ಚೀಟಿಯಲ್ಲಿ ಎರಡು ಸಾಲು. ಮೊದಲನೆಯದು, 'ಹೇಗೆ ಓಡಿಸಬೇಕು?' ಎರಡನೆಯದು, 'ಹಾಗೆ ಆಗದಿದ್ದರೆ?' ಈ ಎರಡನೆಯದನ್ನು ಕಂಡರೆ ಟ್ರೇನರ್‌ಗಳಿಗೆ ಮೈಯೆಲ್ಲ ಉರಿ. ಅದನ್ನು ತುಂಬದ ಚೀಟಿಯನ್ನು ಅಕ್ಕ ಮುಟ್ಟುತ್ತಿರಲಿಲ್ಲ.

ಎರಡು ವರ್ಷ ಸ್ಟೂವರ್ಡ್‌ಗಳ ಬಾಗಿಲು ಕಾದು ಇಷ್ಟಕ್ಕೆ ಒಪ್ಪಿಗೆ ಪಡೆದಿದ್ದಳು. ಅದೂ ಒಂದೇ ಸೀಸನ್‌ಗೆ, ಪರೀಕ್ಷೆಗೆ. ಒಂದೇ ಒಂದು ಗಲಾಟೆಯಾದರೂ ಹಲಗೆ ಕೆಳಗಿಳಿಯುತ್ತದೆ ಅಂತ ಹಿರಿಯ ಸ್ಟೂವರ್ಡ್ ಖಡಾಖಂಡಿತವಾಗಿ ಹೇಳಿದ್ದರು. ಸೀಸನ್ನಿನ ಕೊನೆಯ ದಿನದವರೆಗೂ ಗಲಾಟೆ ಆಗಲಿಲ್ಲ. ಆ ದಿನ ಆಯಿತು, ಆಗಿದ್ದು ನನ್ನಿಂದಲೇ.

ಬೆಳಿಗ್ಗೆ ಬಿಳಿಟೋಪಿ ಚೀಟಿ ತಂದ. ಕಂದು ಹೆಣ್ಣುಕುದುರೆ, ಜಾಕಿ ನಾನು. ಮೊದಲ ಸಾಲಿನಲ್ಲಿ 'ಹಿಂದೆ ಇರಲಿ, ಕೊನೆಗೆ ನುಗ್ಗಲಿ' ಅಂತಿತ್ತು. ಎರಡನೆಯದು ಖಾಲಿ. ಅಕ್ಕ ಚೀಟಿಯನ್ನು ಮೇಜಿನ ಮೇಲೆ ಅವನ ಕಡೆಗೇ ತಿರುಗಿಸಿಟ್ಟಳು. ಅವನು ಗೊಣಗಿದ, ನಕ್ಕ, ಗಡಿಯಾರ ನೋಡಿದ. ಅಕ್ಕ ಜಗ್ಗಲಿಲ್ಲ. ಕೊನೆಗೆ ಪೆನ್ನು ಕಿತ್ತುಕೊಂಡು 'ಮುಂದೆ ದಾರಿ ಸಿಕ್ಕರೆ ಮುಂದೆಯೇ ಹೋಗಲಿ' ಅಂತ ಗೀಚಿ ಸಹಿ ಎಳೆದ. ನಾನೂ ಕೆಳಗೆ ಸಹಿ ಹಾಕಿದೆ.

ಮಧ್ಯಾಹ್ನ ಕುದುರೆಗಳನ್ನು ಸುತ್ತು ಹಾಕಿಸುವ ಅಂಗಳದಲ್ಲಿ ಅವನು ನನ್ನ ಮೊಣಕಾಲು ಹಿಡಿದು ಜೀನಿನ ಮೇಲೆ ಕೂರಿಸಿದ. ಹಾಗೆ ಕೂರಿಸುತ್ತಾ, ನಗು ಮಾಸದಂತೆ, ಹಲ್ಲಿನ ಸಂದಿಯಿಂದ ಹೇಳಿದ: "ಹಿಂದೆ ಅಂದ್ರೆ ಹಿಂದೆನೇ. ಕೊನೆಗೂ ಮುಂದೆ ಬರೋದು ಬೇಡ."

ಅವನ ಕಾರಣ ನನಗೆ ಗೊತ್ತಿತ್ತು. ಇವತ್ತು ಸೋತರೆ ಮುಂದಿನ ಸೀಸನ್‌ನಲ್ಲಿ ಕುದುರೆಗೆ ಕಡಿಮೆ ಭಾರ ಹೊರಿಸುತ್ತಾರೆ, ಬಾಜಿ ಕಟ್ಟುವವರೂ ಅದನ್ನು ಕಡೆಗಣಿಸುತ್ತಾರೆ. ಆಗ ಗೆದ್ದರೆ ಅವನಿಗೆ ಹಬ್ಬ. ಮಾತು ಕೇಳದಿದ್ದರೆ ನಾಳೆಯಿಂದ ಅವನ ಲಾಯದಲ್ಲಿ ನನಗೆ ಕುದುರೆಯಿಲ್ಲ. ಕೇಳಿದರೆ? ಅಕ್ಕನ ತಮ್ಮ ಜೀನು ಹೊಲಿಯುವ ಅಂಗಡಿಯಲ್ಲಿ ಇನ್ನೊಂದು ಸ್ಟೂಲು ಹಾಕಿಸಬೇಕು.

ಗೇಟು ತೆರೆಯಿತು. ಕಂದು ಕುದುರೆಗೆ ಬಿಳಿಟೋಪಿಯ ಲೆಕ್ಕಾಚಾರ ಯಾರು ಹೇಳಿದ್ದರು? ಒಂದೇ ನೆಗೆತಕ್ಕೆ ಎಲ್ಲರಿಗಿಂತ ಮುಂದೆ ಬಿತ್ತು. ಉಳಿದವರೆಲ್ಲ ಯಾರಾದರೂ ಮುಂದೆ ಹೋಗಲಿ ಅಂತ ಲಗಾಮು ಎಳೆದುಕೊಂಡು ಕೂತಿದ್ದರು. ನನ್ನ ಮುಂದೆ ಹಸಿರು ಹುಲ್ಲು ಬಿಟ್ಟರೆ ಏನೂ ಇಲ್ಲ. ಕೈ ಬಿಗಿಹಿಡಿಯಲು ಹೋಯಿತು, ಹೋಗಿ ಅಲ್ಲೇ ನಿಂತಿತು. ಹಲಗೆ ಕಣ್ಣ ಮುಂದೆ ಬಂತು. ಮುಂದೆ ದಾರಿ ಸಿಕ್ಕರೆ ಮುಂದೆಯೇ ಹೋಗಲಿ. ನನ್ನ ಸಹಿ ಕೆಳಗಿತ್ತು. ಲಗಾಮು ಸಡಿಲ ಬಿಟ್ಟೆ.

ಅಯ್ಯೋ, ಆ ಓಟವನ್ನು ಏನಂತ ಹೇಳಲಿ! ಗಾಳಿ ಕಿವಿಯಲ್ಲಿ ಭೋರ್ಗರೆಯುತ್ತಿತ್ತು, ಕುದುರೆಯ ಕೇಸರ ನನ್ನ ಗಲ್ಲಕ್ಕೆ ಬಡಿಯುತ್ತಿತ್ತು, ನಾನು ಹುಚ್ಚನ ಹಾಗೆ ನಗುತ್ತಿದ್ದೆ. ಹದಿನಾಲ್ಕು ವರ್ಷದ ಸವಾರಿಯಲ್ಲಿ ಯಾರ ಪಿಸುಮಾತೂ ಬೆನ್ನ ಮೇಲಿಲ್ಲದೆ ಓಡಿಸಿದ್ದು ಅದೇ ಮೊದಲು. ಕೊನೆಯ ತಿರುವಿನಲ್ಲಿ ಹಿಂದಿನಿಂದ ಗೊರಸಿನ ಸದ್ದು ಹತ್ತಿರ ಬಂತು, ಒಂದು ಕುದುರೆಯ ಮೂತಿ ನನ್ನ ಮೊಣಕಾಲಿನವರೆಗೂ ಬಂತು. ಚಾವಟಿ ಎತ್ತಲೇ ಇಲ್ಲ. ಅರ್ಧ ಕುದುರೆಯಷ್ಟು ಅಂತರದಿಂದ ಗೆದ್ದೆವು.

ಮರಳುವಷ್ಟರಲ್ಲಿ ಗಲಾಟೆ ಎದ್ದಿತ್ತು. ಹಲಗೆಯ ಮೊದಲ ಸಾಲನ್ನಷ್ಟೇ ಓದಿದವರು, 'ಹಿಂದೆ ಅಂತ ಬರೆದು ಮುಂದೆ ಓಡಿಸಿದ, ಮೋಸ' ಅಂತ ಬೇಲಿ ಅಲುಗಾಡಿಸುತ್ತಿದ್ದರು. ಅಕ್ಕನ ಮುಖ ಬಿಳಚಿಕೊಂಡಿತ್ತು. ಆದರೂ ಮುಳ್ಳು ನಿಲ್ಲುವವರೆಗೂ ನನ್ನನ್ನು ಇಳಿಯಗೊಡಲಿಲ್ಲ.

ಬಿಳಿಟೋಪಿ ನನಗಿಂತ ಮೊದಲೇ ಸ್ಟೂವರ್ಡ್‌ಗಳ ಕೋಣೆಗೆ ನುಗ್ಗಿ ದೂರು ಕೊಟ್ಟಿದ್ದ. ಜಾಕಿ ಮಾತು ಮೀರಿದ, ಈ ಹಲಗೆಯಿಂದ ಜನರಿಗೆ ಮೋಸವಾಯಿತು, ಜಾಕಿಯನ್ನೂ ಹಲಗೆಯನ್ನೂ ಕಿತ್ತು ಹಾಕಿ ಅಂತ. ಅಕ್ಕ ಚೀಟಿಯನ್ನು ಹಿರಿಯರ ಮುಂದಿಟ್ಟು, ಎರಡನೇ ಸಾಲಿನ ಕೆಳಗೆ ಬೆರಳಿಟ್ಟಳು. ಹಿರಿಯರು ಓದಿ, ಈ ಸಹಿ ನಿಮ್ಮದೇ ಅಲ್ಲವೇ ಅಂತ ಕೇಳಿದರು.

ಬಿಳಿಟೋಪಿಗೆ ಸಿಟ್ಟು ನೆತ್ತಿಗೇರಿತ್ತು. "ನಂದೇ ಸಾರ್. ಈಕೆ ಪ್ರಾಣ ತಿಂದ್ಲು ಅಂತ ಏನೋ ಗೀಚ್ದೆ. ಹಿಂದೆನೇ ಇರು ಅಂತ ಆಮೇಲೆ ಇವನಿಗೆ ಸರಿಯಾಗಿ ಹೇಳಿದ್ದೆ."

"ಆಮೇಲೆ ಅಂದ್ರೆ ಯಾವಾಗ?"

"ಕುದುರೆ ಹತ್ತಿಸುವಾಗ."

ಹೇಳಿಬಿಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವನನ್ನು ಯಾರೂ ಕಳ್ಳ ಅನ್ನುವ ಮೊದಲೇ ಮುಟ್ಟಿಕೊಂಡಿದ್ದ. ಬದಲಾದ ಮಾತು ಹಲಗೆಯಲ್ಲಿ ಏಕಿಲ್ಲ ಅಂತ ಹಿರಿಯರು ಕೇಳಿದಾಗಲೇ ಅವನಿಗೆ ಅರಿವಾದದ್ದು. ಟೋಪಿ ತೆಗೆದ, ಮತ್ತೆ ಹಾಕಿಕೊಂಡ. ಹಿರಿಯರು ನನ್ನ ಕಡೆ ತಿರುಗಿ, ಹತ್ತಿಸುವಾಗ ಅವರು ಏನು ಹೇಳಿದರು, ಇದ್ದದ್ದು ಇದ್ದ ಹಾಗೆ ಹೇಳು ಅಂದರು.

ಹನ್ನೊಂದು ವರ್ಷದ ಹಿಂದೆ ಅದೇ ನೆಲದ ಮೇಲೆ ಅಕ್ಕನ ತಮ್ಮ ನಿಂತಿದ್ದ, ಕೈಯಲ್ಲಿ ತುಂಡು ಕಾಗದವೂ ಇರಲಿಲ್ಲ. ಅಕ್ಕ ನನ್ನನ್ನು ನೋಡುತ್ತಿರಲಿಲ್ಲ, ಚೀಟಿಯನ್ನೇ ನೋಡುತ್ತಿದ್ದಳು.

"ಕೊನೆಗೂ ಮುಂದೆ ಬರೋದು ಬೇಡ ಅಂದ್ರು ಸಾರ್" ಅಂದೆ.

ಬಿಳಿಟೋಪಿ ಸುಳ್ಳು ಅಂತ ಕೂಗಾಡಿದ. ಆದರೆ ಕದ್ದು ಮಾತಾಡಿದ್ದನ್ನು ಅವನ ಬಾಯಿಯೇ ಒಪ್ಪಿಕೊಂಡಾಗಿತ್ತು. ಅವನನ್ನು ಎರಡು ಸೀಸನ್ ಮೈದಾನದ ಹೊರಗಿಟ್ಟರು. ನನ್ನ ಗೆಲುವು ಉಳಿಯಿತು. ಹಲಗೆ ಇನ್ನು ಪರೀಕ್ಷೆಗಲ್ಲ, ಕಾಯಂ ಅಂತ ಹಿರಿಯರು ಅಲ್ಲೇ ಬರೆದರು. ಹೊರಗೆ ಬಂದವನೇ ನಾನು ಕುಣಿದಾಡಿದೆ. ಅಕ್ಕ ಮಾತ್ರ ಹೋಗಿ ತಕ್ಕಡಿಯ ಗಾಜು ಒರೆಸುತ್ತಾ ನಿಂತಳು. ಒಂದೇ ಜಾಗವನ್ನು ಎಷ್ಟು ಹೊತ್ತು ಒರೆಸಿದಳೋ.

ಮುಂದಿನ ಸೀಸನ್ನಿನ ಮೊದಲ ಬೆಳಿಗ್ಗೆ, ಹೊಲಿಗೆಗೆ ಕೊಟ್ಟಿದ್ದ ನನ್ನ ಜೀನು ಬಂತು. ತಂದವನು ಅಕ್ಕನ ತಮ್ಮ. ಹನ್ನೊಂದು ವರ್ಷದಿಂದ ಯಾರದೋ ಕೈಯಲ್ಲಿ ಕಳಿಸುತ್ತಿದ್ದವನು ಅವತ್ತು ತಾನೇ ಬಂದಿದ್ದ. ಹಲಗೆಯ ಮುಂದೆ ನಿಂತು ಪ್ರತಿಯೊಂದು ಕುದುರೆಯ ಎರಡೂ ಸಾಲು ಓದಿದ. ಆಮೇಲೆ ತೂಕದ ಕೋಣೆಗೆ ಬಂದ. ಜೀನನ್ನು ನನ್ನ ಕೈಗೆ ಕೊಡಲಿಲ್ಲ. ತಬ್ಬಿಕೊಂಡೇ ತಕ್ಕಡಿ ಹತ್ತಿ ನಿಂತ.

ಜಾಕಿ ಅಲ್ಲದವರು ಹತ್ತುವ ಹಾಗಿಲ್ಲ ಅನ್ನುವ ನಿಯಮ ಅಕ್ಕನದೇ. ಅವಳು ಆ ಮಾತನ್ನು ಎತ್ತಲಿಲ್ಲ. "ಹತ್ತಿದ್ಮೇಲೆ ಮುಳ್ಳು ನಿಲ್ಲೋವರೆಗೂ ಇಳೀಬೇಡ" ಅಂದಳು, ಅಷ್ಟೇ.

ಮುಳ್ಳು ಜಾಕಿಗಳ ಅಂಕಿಗಳನ್ನೆಲ್ಲ ದಾಟಿ ಎಲ್ಲಿಗೋ ಹೋಯಿತು, ಓಲಾಡಿತು, ಮೆಲ್ಲಗೆ ನಿಂತಿತು. ಅವನು ಅಲುಗಾಡಲಿಲ್ಲ. ನನಗೆ ಅಳು ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

"ಎಪ್ಪತ್ತೊಂದು" ಅಂದಳು ಅಕ್ಕ. "ಇಳಿ ಇನ್ನು."

"ಸರಿಯಾಗಿ ನಿಂತಿದೆಯಾ ನೋಡಕ್ಕ" ಅಂದ ಅವನು.

"ನಿಂತಿದೆ ಕಣೋ" ಅಂದು ಅಕ್ಕ ಪುಸ್ತಕ ತೆರೆದು, ಆ ದಿನದ ಮೊದಲ ಸಾಲಿನಲ್ಲಿ ಅಂಕಿ ಬರೆದುಕೊಂಡಳು.