ಅಪ್ಪನ ಹೆಸರಿಗೆ ಇಟ್ಟ ಗುರಿ

ಹತ್ತೊಂಬತ್ತು ವರ್ಷಗಳಿಂದ ಸೌದಿಯಲ್ಲಿ ನಾನು ನನ್ನ ಅಪ್ಪನ ಹೆಸರಿನಲ್ಲಿ ಓಡಾಡುತ್ತಿದ್ದೇನೆ. ಪೊಲೀಸರ ಮುಂದೆ ಮಾಡಬೇಕಾದ ತಪ್ಪೊಪ್ಪಿಗೆಯಲ್ಲ ಇದು. ಅವರ ಕಡತದಲ್ಲಿ ಎಲ್ಲವೂ ಸರಿಯಾಗಿಯೇ ಇದೆ. ನನ್ನ ಹೆಸರು ಸುಧಾಕರ. ಊರಲ್ಲಿ ಪಾಸ್‌ಪೋರ್ಟ್ ಮಾಡಿಸಿಕೊಟ್ಟ ಟ್ರಾವೆಲ್ಸಿನವನು ಅರ್ಜಿಯಲ್ಲಿ ‘ಸರ್‌ನೇಮ್’ ಎಂಬ ಖಾಲಿ ಜಾಗ ಕಂಡು, ಪೆನ್ನೆತ್ತಿ ನನ್ನ ಮುಖ ನೋಡಿದ. ನಮ್ಮ ಮನೆಯಲ್ಲಿ ಯಾರಿಗೂ ಅಂಥದೊಂದು ಬಾಲ ಇರಲಿಲ್ಲ. “ಅಪ್ಪನ ಹೆಸರು ಹಾಕುವ, ಎಂತ ಆಗುದಿಲ್ಲ” ಎಂದು ಅವನೇ ತೀರ್ಮಾನಿಸಿ ‘ವಾಸುದೇವ’ ಎಂದು ತುಂಬಿಸಿದ. ದಮ್ಮಾಮಿಗೆ ಬಂದಿಳಿದಾಗ ಕಂಪನಿಯ ಗುಮಾಸ್ತ ಆ ಬಾಲವನ್ನೇ ಎತ್ತಿ ಮುಂದೆ ಕೂರಿಸಿದ. ಇಲ್ಲಿ ನಾವು ಸದಾ ಕಿಸೆಯಲ್ಲಿಟ್ಟುಕೊಂಡಿರಬೇಕಾದ ಗುರುತಿನ ಚೀಟಿ ಇಕಾಮಾ ಕೈಗೆ ಬಂದಾಗ, ಅದರಲ್ಲಿ ಅಪ್ಪ ಮುಂದೆ ನಿಂತಿದ್ದರು, ನಾನು ಅವರ ಹಿಂದೆ ಅಡಗಿದ್ದೆ.

ನಮ್ಮ ಕಡೆ ಮಕ್ಕಳು ಅಪ್ಪನ ಹೆಸರನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಶಾಲೆಯಲ್ಲಿ ಮೇಷ್ಟ್ರು ಕೇಳಿದಾಗಲೂ ನಾನು ಸ್ಲೇಟಿನಲ್ಲಿ ಬರೆದು ತೋರಿಸಿದವನು. ಅಪ್ಪ ಬಸ್ ಕಂಡಕ್ಟರ್. ಉಡುಪಿಯಿಂದ ಮಂಗಳೂರಿನವರೆಗೆ ಪ್ರತಿ ಸ್ಟಾಪಿನಲ್ಲೂ ಅವರನ್ನು ‘ವಾಸಣ್ಣ’ ಎಂದು ಕೂಗುವವರಿದ್ದರು, ಮನೆಯಲ್ಲಿ ಮಾತ್ರ ಆ ಹೆಸರು ಕೇಳುತ್ತಿರಲಿಲ್ಲ. ಅಂಥ ಹೆಸರನ್ನು ಹಿಡಿದು ಫೋರ್‌ಮನ್ ದಿನಕ್ಕೆ ಇಪ್ಪತ್ತು ಸಲ ನನ್ನನ್ನು ಬೈಯತೊಡಗಿದ. ಇಂಗ್ಲಿಷಿನ ‘ವಿ’ ಅಕ್ಷರವನ್ನು ಅರಬ್ಬಿಯಲ್ಲಿ ‘ಫ’ ಎಂದೇ ಬರೆಯುತ್ತಾರೆ, ಹಾಗಾಗಿ ಅವನ ಬಾಯಲ್ಲಿ ಅದು ಫಾಸುದೇಫ, ಅವಸರವಿದ್ದರೆ ಬರೀ ಫಾಸು. “ಯಲ್ಲಾ ಫಾಸು” ಎಂದು ಅವಸರಿಸಿದಾಗ ನನಗೆ ಒಂದು ಬಗೆಯ ಸಮಾಧಾನವೇ ಆಗುತ್ತಿತ್ತು. ಫಾಸು ಎಂಬವನು ಯಾರ ಅಪ್ಪನೂ ಆಗಿರಲು ಸಾಧ್ಯವಿಲ್ಲವಷ್ಟೆ.

ಹೆಸರನ್ನು ಸರಿಯಾಗಿ ಕರೆಯುತ್ತಿದ್ದವರು ಒಬ್ಬರೇ, ಇಬ್ರಾಹಿಂ ಭಾಯ್. ಭಟ್ಕಳದವರು, ನಮ್ಮ ಬೀದಿಯ ದಿನಸಿ ಅಂಗಡಿಯ ಯಜಮಾನರು. ಮೊದಲ ದಿನ ನನ್ನ ಇಕಾಮಾ ನೋಡಿ “ಓ, ವಾಸಣ್ಣ!” ಎಂದರು. ಆ ದಿನ ನಾಚಿಕೆಯಿಂದ ತಿದ್ದಲಿಲ್ಲ, ಆಮೇಲೆ ಉದಾಸೀನದಿಂದ. ಹತ್ತು ವರ್ಷ ಒಂದೇ ಅಂಗಡಿಯಲ್ಲಿ ಉಪ್ಪಿನಕಾಯಿ ಕೊಂಡಮೇಲೆ ‘ನನ್ನ ಹೆಸರು ಬೇರೆ’ ಎಂದು ಹೇಳುವುದಾದರೂ ಹೇಗೆ? ಒಳಗಿನ ಮಾತು ಹೇಳುವುದಾದರೆ, ಈ ಮರಳಿನ ನಡುವೆ ಯಾರೋ ನನ್ನ ಅಪ್ಪನನ್ನು ಪ್ರೀತಿಯಿಂದ ಕರೆಯುವುದು ನನಗೆ ಬೇಕಾಗಿತ್ತು.

ಹೆಸರು ತಪ್ಪಿದವನು ನಾನೊಬ್ಬನೇ ಅಲ್ಲ ಎಂಬುದು ತಿಳಿದದ್ದು ಟರ್ಕಿ ಕೋಳಿಯಿಂದ. ಅದು ಹುಟ್ಟಿದ್ದು ಅಮೆರಿಕದಲ್ಲಿ. ಇಂಗ್ಲಿಷರು ಟರ್ಕಿ ದೇಶದ್ದೆಂದು ತಿಳಿದು ಆ ಹೆಸರಿಟ್ಟರು. ಟರ್ಕಿಯವರು ಅದನ್ನು ‘ಹಿಂದಿ’ ಎನ್ನುತ್ತಾರೆ, ಎಂದರೆ ನಮ್ಮ ದೇಶದ್ದು. ನಾವು ನಮ್ಮದಲ್ಲವೆಂದು ಕೈತೊಳೆದುಕೊಂಡು ಟರ್ಕಿ ಕೋಳಿ ಎಂದೆವು. ಅರಬ್ಬರಿಗೆ ಅದು ರೂಮಿ ಹುಂಜ, ರೋಮನರ ಕಡೆಯದು. ಪೋರ್ಚುಗೀಸರಿಗೆ ‘ಪೆರು’, ಪೆರು ದೇಶದ್ದು. ಹೀಗೆ ಊರೂರು ತಿರುಗಿ, ಎಲ್ಲಿಯೂ ತನ್ನ ಹೆಸರಿನಲ್ಲಿ ಕರೆಸಿಕೊಳ್ಳದೆ, ಕೊನೆಗೆ ಮಸಾಲೆಯಲ್ಲಿ ಬೇಯುವ ಹಕ್ಕಿ ಅದು. ಇದನ್ನು ಓದಿದಾಗ ನನಗೆ ಅದರ ಮೇಲೆ ಒಡಹುಟ್ಟಿದವನ ಪ್ರೀತಿ ಹುಟ್ಟಿತು.

ಹೋದ ಚಳಿಗಾಲದಲ್ಲಿ ನಮ್ಮ ಕಂಪನಿಯ ಅಮೆರಿಕದ ಎಂಜಿನಿಯರ್ ಒಬ್ಬರು ತಮ್ಮ ಊರಿನ ಒಂದು ಪದ್ಧತಿಯನ್ನು ಇಲ್ಲಿಗೆ ತಂದರು. ಅದರ ಹೆಸರು ‘ಟರ್ಕಿ ಶೂಟ್’. ಡಯಾಲಿಸಿಸ್ ರೋಗಿಗಳಿಗೆ ನೆರವಾಗುವ ಇಲ್ಲಿಯದೇ ಒಂದು ದತ್ತಿ ಸಂಸ್ಥೆಗಾಗಿ, ಪರವಾನಗಿ ಇರುವ ಕೋವಿ ಮೈದಾನದಲ್ಲಿ, ಶುಕ್ರವಾರ ಬೆಳಿಗ್ಗೆ. ಓಡುವ ಕೋಳಿಯ ಹಿಂದೆ ಕೋವಿ ಹಿಡಿದು ಓಡುವ ಆಟವೆಂದು ನಾನು ತಿಳಿದಿದ್ದೆ. ಹಾಗಲ್ಲ. ಕೋಳಿ ಆಗಲೇ ಹಲಾಲಾಗಿ, ಹೆಪ್ಪುಗಟ್ಟಿ, ಐಸ್ ಪೆಟ್ಟಿಗೆಯಲ್ಲಿ ಮಲಗಿರುತ್ತದೆ. ನೀವು ಹೊಡೆಯಬೇಕಾದದ್ದು ಒಂದು ರಟ್ಟಿಗೆ. ಅದರ ಮೇಲೆ ನಿಮ್ಮ ಹೆಸರು ಬರೆದು, ನಟ್ಟನಡುವೆ ಕೆಂಪು ಗುರುತು ಹಾಕಿ ಮೂವತ್ತು ಗಜ ದೂರದಲ್ಲಿ ತೂಗುಹಾಕುತ್ತಾರೆ. ಒಬ್ಬರಿಗೆ ಒಂದೇ ತೋಟೆ. ಆ ತೋಟೆಯೊಳಗೆ ಸಾಸಿವೆಗಿಂತ ತುಸು ದಪ್ಪದ ಗುಂಡುಗಳು ನೂರಾರು ಇರುತ್ತವೆ, ಚರೆ ಎನ್ನುತ್ತಾರಲ್ಲ, ಅವು. ಯಾರ ಚರೆ ಗುರುತಿಗೆ ಎಲ್ಲರಿಗಿಂತ ಹತ್ತಿರ ಬೀಳುತ್ತದೋ ಕೋಳಿ ಅವರದು.

ಅದೇ ಶುಕ್ರವಾರ ಮಂಗಳೂರಿನಲ್ಲಿ ಅಪ್ಪನಿಗೆ ಆಪರೇಷನ್ ಇತ್ತು. ಎಡಗಡೆಯ ಶ್ವಾಸಕೋಶದ ಹತ್ತಿರ ಏನೋ ಕಾಣುತ್ತಿದೆ, ಗಡ್ಡೆ ಇರಬಹುದು, ಎದೆ ತೆರೆದೇ ನೋಡಬೇಕಾದೀತು ಎಂದಿದ್ದರು ಡಾಕ್ಟರು. ಈ ಪ್ರಾಯದಲ್ಲಿ ಎದೆ ತೆರೆದರೆ ಮುಚ್ಚುವವರೆಗೆ ಗ್ಯಾರಂಟಿ ಇಲ್ಲ ಎಂದೂ ಹೇಳಿದ್ದರು. ತಮ್ಮ ಪ್ರಕಾಶ ಜೊತೆಗಿದ್ದ. ನಾನು ಹೋಗಲಿಲ್ಲ. ಕೆಲಸ ಬಿಟ್ಟು ಬರಲು ಆಗುವುದಿಲ್ಲ ಎಂದು ಹೇಳಿದೆ. ಅದು ಸುಳ್ಳು. ಕೇಳಿದ್ದರೆ ರಜೆ ಸಿಗುತ್ತಿತ್ತು. ಕೇಳಲಿಲ್ಲ, ಏಕೆಂದರೆ ಸ್ಟ್ರೆಚರಿನ ಮೇಲೆ ಮಲಗಿದ ಅಪ್ಪನನ್ನು ನೋಡಲು ನನಗೆ ಹೆದರಿಕೆ. ಐವತ್ತರ ಹತ್ತಿರದ ಗಂಡಸು ಬರೆಯಬಾರದ ಮಾತು ಇದು, ಆದರೂ ಬರೆದಿದ್ದೇನೆ.

“ಆಪರೇಷನ್ ಮಾಡುದು ಡಾಕ್ಟ್ರು” ಎಂದರು ಇಬ್ರಾಹಿಂ ಭಾಯ್. “ನೀವು ರೂಮಲ್ಲಿ ಕೂತು ಫೋನ್ ತಿಕ್ಕಿದ್ರೆ ಅವರ ಕೈ ಬೇಗ ಓಡ್ತದಾ? ಬನ್ನಿ ಮಾರಾಯ್ರೆ, ನಾಲ್ಕು ಜನರ ನಡುವೆ ಹೊತ್ತು ಹೋಗ್ತದೆ. ನಿಮ್ಮ ಹೆಸರು ನಾನೇ ಕೊಟ್ಟಾಯ್ತು.” ಆ ದಿನ ರಟ್ಟುಗಳಿಗೆ ಹೆಸರು ಬರೆಯುವ ಮೇಜಿನಲ್ಲಿ ಕೂರುವ ಕೆಲಸ ಅವರದಾಗಿತ್ತು.

ಖತೀಫಿನ ಖರ್ಜೂರದ ತೋಟಗಳನ್ನು ದಾಟಿ ಮರಳು ಶುರುವಾಗುವಲ್ಲಿ ಆ ಮೈದಾನ. ಬೆಳಗಿನ ಎಂಟು ಗಂಟೆಯಾಗಿದ್ದರೂ ಮಂಜು ಕರಗಿರಲಿಲ್ಲ. ಈ ಕಡಲಿನ ಬದಿಯಲ್ಲಿ ಚಳಿಗಾಲದ ಮಂಜು ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಎದುರಿಗೆ ಹನ್ನೆರಡು ಕಂಬಗಳು, ಕಂಬಕ್ಕೊಂದು ಬಿಳಿ ರಟ್ಟು. ಕಂಬ ಕಾಣುತ್ತಿರಲಿಲ್ಲ, ರಟ್ಟು ಮಾತ್ರ ಕಾಣುತ್ತಿತ್ತು, ಅದೂ ಎದೆಯ ಎತ್ತರದಲ್ಲಿ. ಸಾಲಾಗಿ ಯಾರೋ ಬಿಳಿ ಅಂಗಿ ತೊಟ್ಟು ನಿಂತು ನಮ್ಮ ಕಡೆಗೇ ನೋಡುತ್ತಿದ್ದ ಹಾಗಿತ್ತು. ಕೋವಿ ಸಿಡಿದರೂ ಸದ್ದು ದೂರ ಹೋಗದೆ ಅಲ್ಲೇ ಕುಸಿದು ಬೀಳುತ್ತಿತ್ತು. ಒಂದು ಹಕ್ಕಿಯೂ ಏಳಲಿಲ್ಲ. ಮೈದಾನದ ಮೇಲ್ವಿಚಾರಕ ಅಬು ಫಹದ್, ಸೇನೆಯಿಂದ ನಿವೃತ್ತರಾದ ಮಿತಮಾತಿನ ಮನುಷ್ಯ. ಹೊಡೆಯುವವರು ನಿಲ್ಲುವ ಗೆರೆಯ ಬಳಿ ಫೋನ್ ಒಯ್ಯುವಂತಿಲ್ಲವೆಂದು ಎಲ್ಲರದನ್ನೂ ಒಂದು ಕಬ್ಬಿಣದ ಪೆಟ್ಟಿಗೆಗೆ ಹಾಕಿಸಿ ಬೀಗ ಹಾಕಿದರು. ಊರಿನಲ್ಲಿ ಆಗ ಗಂಟೆ ಹತ್ತೂವರೆ. ಹತ್ತು ಗಂಟೆಗೇ ಅಪ್ಪನನ್ನು ಒಳಗೆ ಒಯ್ದಿದ್ದರು.

ನನ್ನ ಸರದಿ ಬಂತು. ಕಿವಿಗೆ ದಪ್ಪನೆಯ ಮುಚ್ಚಳ ಹಾಕಿದರು. ಹೊರಗಿನ ಲೋಕದ ಸದ್ದೆಲ್ಲ ಆರಿ, ನನ್ನದೇ ಎದೆಬಡಿತ ಮಾತ್ರ ಉಳಿಯಿತು. ಅದು ನನ್ನದೇ ಎಂದು ಆಗ ಖಾತ್ರಿಯಿರಲಿಲ್ಲ. ಕೋವಿ ಎತ್ತಿ ಎದುರು ನೋಡಿದೆ. ಮಂಜು ಒಂದಿಷ್ಟು ಸರಿಯಿತು. ಉಳಿದ ರಟ್ಟುಗಳ ಮೇಲೆ ಅರಬ್ಬಿ, ಇಂಗ್ಲಿಷು. ನನ್ನದರ ಮೇಲೆ ಕಪ್ಪು ಮಸಿಯಲ್ಲಿ, ಅಂಗೈಯಗಲದ ಗುಂಡು ಕನ್ನಡ ಅಕ್ಷರಗಳಲ್ಲಿ, ‘ವಾಸುದೇವ’.

ಆ ಪದ ವಕಾರದಿಂದ ಹುಟ್ಟಿ ವಕಾರದಲ್ಲಿ ಮುಗಿಯುತ್ತದೆ ಎಂಬುದನ್ನು ನಾನು ಅದುವರೆಗೆ ಗಮನಿಸಿರಲಿಲ್ಲ. ಎರಡು ತುದಿಯಲ್ಲಿ ಎರಡು ದುಂಡು ವಕಾರ, ಎರಡು ಕಣ್ಣು. ನಡುವೆ ಕೆಂಪು ಗುರುತು.

ಪಕ್ಕದಲ್ಲಿ ಬಂದು ನಿಂತ ಇಬ್ರಾಹಿಂ ಭಾಯ್ ನನ್ನ ಕಿವಿಯ ಮುಚ್ಚಳ ತುಸು ಎತ್ತಿ, “ಹೇಗುಂಟು? ಇಡೀ ಮೈದಾನದಲ್ಲಿ ನಮ್ಮ ಅಕ್ಷರ ಇರುದು ಅದೊಂದೇ” ಎಂದರು. ಮುಖದ ತುಂಬ ಸಂತೋಷ.

“ಇಬ್ರಾಹಿಂ ಭಾಯ್, ಅದು ನನ್ನ ಹೆಸರಲ್ಲ.”

“ಮತ್ತೆ ಯಾರದ್ದು?”

“ನನ್ನ ಅಪ್ಪನದ್ದು.”

ಅವರು ನನ್ನನ್ನು ನೋಡಿದರು, ರಟ್ಟನ್ನು ನೋಡಿದರು. ಅವರ ಮುಖದಿಂದ ಸಂತೋಷ ಇಳಿದುಹೋಯಿತು. “ಈಗ ಅಲ್ಲಿ ಮಲಗಿರುವ ಅಪ್ಪನದ್ದಾ?” ಎಂದು ಮೆಲ್ಲಗೆ ಕೇಳಿದರು. ತಾಯಿತ, ಮಂತ್ರ ಎಂದರೆ ಹೊಟ್ಟೆ ಹಿಡಿದು ನಗುವ ಮನುಷ್ಯ ಅವರು. ಆ ಕ್ಷಣ ತುಟಿಯಲ್ಲೇ ಏನೋ ಹೇಳಿಕೊಂಡು, “ಬೇಡ ಮಾರಾಯ್ರೆ, ಹೊಡೀಬೇಡಿ” ಎಂದು ಅಬು ಫಹದರ ಬಳಿಗೆ ಓಡಿದರು. ಅಬು ಫಹದ್ ಪಟ್ಟಿ ನೋಡಿದರು, ನನ್ನ ಇಕಾಮಾ ನೋಡಿದರು. ಹೆಸರು ಸರಿಯಾಗಿಯೇ ಇದೆ, ಕೋವಿಗಳು ತುಂಬಿರುವಾಗ ಯಾರೂ ಗೆರೆ ದಾಟಿ ರಟ್ಟು ಬದಲಿಸುವಂತಿಲ್ಲ ಎಂದರು. ಹೊಡೆಯಲು ಇಷ್ಟವಿಲ್ಲದಿದ್ದರೆ ಕೋವಿ ಕೆಳಗಿಡು, ಖಲಾಸ್.

ಕೆಳಗಿಡಬಹುದಿತ್ತು. ನೀವಾಗಿದ್ದರೆ ಇಡುತ್ತಿದ್ದಿರಿ. ಆದರೆ ನನಗೆ, ಆಸ್ಪತ್ರೆಯಿಂದ ತಪ್ಪಿಸಿಕೊಂಡವನು ಇಲ್ಲಿಂದಲೂ ತಪ್ಪಿಸಿಕೊಂಡ ಹಾಗಾಗುತ್ತದೆ ಎನ್ನಿಸಿತು. ಹೊಡೆಯಲೂ ಆಗದು, ಬಿಡಲೂ ಆಗದು. ಇಂಥ ಹೊತ್ತಿನಲ್ಲಿ ನನ್ನ ಬುದ್ಧಿ ಯಾವಾಗಲೂ ಒಂದು ಅಡ್ಡದಾರಿ ಹುಡುಕುತ್ತದೆ. ರಟ್ಟಿನಿಂದ ಒಂದು ಮೊಳ ಬಲಕ್ಕೆ, ಹಿಂದಿನ ಮರಳುದಿಬ್ಬಕ್ಕೆ ನಳಿಗೆ ತಿರುಗಿಸಿದೆ. ಮುಖವನ್ನು ಇನ್ನೂ ಆಚೆಗೆ ತಿರುಗಿಸಿ ಕಣ್ಣು ಮುಚ್ಚಿ ಕೋವಿಯ ಕುದುರೆ ಎಳೆದೆ. ಹೆಗಲಿಗೆ ಯಾರೋ ಗುದ್ದಿದಂತಾಯಿತು.

ಎಲ್ಲರದೂ ಮುಗಿದ ಮೇಲೆ ರಟ್ಟುಗಳನ್ನು ತಂದು ಮೇಜಿನ ಮೇಲೆ ಹರಡಿದರು. ಉಳಿದವರದು ದೋಸೆಯಂತೆ ತೂತುಬಿದ್ದಿತ್ತು. ನನ್ನ ರಟ್ಟಿನಲ್ಲಿ ಒಂದೂ ಕಾಣಲಿಲ್ಲ. ಉಸಿರು ಬಿಟ್ಟೆ. ಅಬು ಫಹದ್ ಮಾತ್ರ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, “ವಾಹಿದ್” ಎಂದರು, ಒಂದು. ‘ಸು’ಗೂ ‘ದೇ’ಗೂ ನಡುವೆ, ಕೆಂಪು ಗುರುತಿನ ನಟ್ಟನಡುವೆ, ಸೂಜಿಯಿಂದ ಚುಚ್ಚಿದಂತೆ ಒಂದೇ ಒಂದು ತೂತು. ಅದರಾಚೆಯಿಂದ ಬೆಳಗು ಕಾಣುತ್ತಿತ್ತು.

ಟರ್ಕಿ ನನಗೆ ಬಂತು. ಮೈಕಿನಲ್ಲಿ “ಫಾಸುದೇಫ” ಎಂದು ಕೂಗಿದರು, ಚಪ್ಪಾಳೆ ತಟ್ಟಿದರು, ಎಂಜಿನಿಯರ್ ನನ್ನ ಕೈ ಕುಲುಕಿದರು. ಹೆಪ್ಪುಗಟ್ಟಿದ ಹಕ್ಕಿಯನ್ನು ಎದೆಗೆ ಆನಿಸಿಕೊಂಡು ನಿಂತೆ. ಅದರ ತಣ್ಣನೆಯ ಭಾರ ಅಂಗಿಯೊಳಗೆ ಇಳಿಯಿತು. ನಾನು ಪೈಪುಗಳ ವೆಲ್ಡಿಂಗ್ ಪರೀಕ್ಷಿಸುವವನು, ಬೆಸುಗೆಯಲ್ಲಿ ಕೂದಲೆಳೆಯ ತೂತು ಕಂಡರೂ ‘ರಿಜೆಕ್ಟ್’ ಎಂದು ಬರೆಯುವುದು ನನ್ನ ಕಸುಬು. ಆ ರಟ್ಟನ್ನು ನೋಡುತ್ತ ಆ ಪದ ಬಿಟ್ಟು ಬೇರೇನೂ ತೋಚಲಿಲ್ಲ. ಆಮೇಲೆ ಕಬ್ಬಿಣದ ಪೆಟ್ಟಿಗೆ ತೆರೆದರು. ಪ್ರಕಾಶನಿಂದ ಮೂರು ಮಿಸ್ಡ್ ಕಾಲ್ ಇದ್ದವು. ಫೋನನ್ನು ಇಬ್ರಾಹಿಂ ಭಾಯ್ ಕೈಗಿತ್ತೆ, ಅವರೇ ಒತ್ತಿಕೊಟ್ಟರು.

“ಎಲ್ಲಿ ಹೋಗಿದ್ದೆ ಅಣ್ಣ?” ಎಂದ ಪ್ರಕಾಶ. ಅವನು ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯಲಿಲ್ಲ. “ಮುಗೀತು. ಗಡ್ಡೆ ಅಲ್ವಂತೆ, ಹಳೇ ಕೀವು ಕಟ್ಟಿದ್ದಂತೆ. ಎದೆ ಕೊಯ್ಲೇ ಇಲ್ಲ. ಮೊದಲು ಕ್ಯಾಮೆರಾ ಹಾಕ್ಲಿಕ್ಕೆ ಅಂತ ಪಕ್ಕೆಯಲ್ಲಿ ಒಂದು ತೂತು ಮಾಡಿದ್ರಲ್ಲ, ಅದರಲ್ಲೇ ಎಲ್ಲ ತೆಗೆದ್ರು. ಒಂದೇ ಒಂದು ತೂತು ಅಣ್ಣ.”

ಎಷ್ಟು ಗಂಟೆಗೆ ಆ ತೂತು ಮಾಡಿದರು ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಚರೆ ಚದುರುತ್ತದೆ, ಒಂದು ಮೊಳ ಆಚೆ ಗುರಿಯಿಟ್ಟರೂ ದಾರಿತಪ್ಪಿದ ಒಂದು ಎಲ್ಲಿಗೆ ಬೇಕಾದರೂ ಬಂದೀತು ಎಂದು ಅಬು ಫಹದ್ ಹೇಳಿದರು. ಅದನ್ನು ನಾನು ನಂಬುತ್ತೇನೆ. ಹಗಲಿನಲ್ಲಿ ಪೂರ್ತಿ ನಂಬುತ್ತೇನೆ. ಮಂಜು ಕವಿದ ಬೆಳಗಿನಲ್ಲಿ ಕೆಲಸಕ್ಕೆ ಹೊರಟಾಗ ಮಾತ್ರ ಅರ್ಧ ನಂಬಿಕೆ ಮನೆಯಲ್ಲೇ ಉಳಿದುಬಿಡುತ್ತದೆ.

ಕೋಳಿಯನ್ನು ಕಾರ್ಮಿಕರ ಮೆಸ್ಸಿಗೆ ಕೊಟ್ಟೆವು. ಇಬ್ರಾಹಿಂ ಭಾಯ್ ಒಂದು ವಾರ ನನ್ನನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ. “ಬನ್ನಿ, ಎಂತ ಬೇಕು” ಎನ್ನುವುದರಲ್ಲೇ ಸುಧಾರಿಸಿದರು. ಆಮೇಲೆ ಬಹಳ ಕಷ್ಟಪಟ್ಟು “ಸುಧಾಕರಣ್ಣ” ಎಂದರು. ಸರಿಯಾದ ಹೆಸರು ಸಿಕ್ಕ ಆ ದಿನ ನನಗೆ ಏನನ್ನೋ ಕಳೆದುಕೊಂಡಷ್ಟು ಬೇಸರವಾಯಿತು.

ಅದರ ಮರುದಿನವೇ ರಜೆ ಕೇಳಿದೆ, ಸಿಕ್ಕಿತು. ಊರಿಗೆ ಹೋಗಿ ಅಪ್ಪನ ಮಂಚದ ಪಕ್ಕ ಮೂರು ದಿನ ಕುಳಿತೆ. ಮೂರು ದಿನವೂ ಅವರ ಮುಖ ನೋಡಿದೆ, ಕಿಟಕಿ ನೋಡಿದೆ, ಔಷಧದ ಬಾಟಲಿಗಳ ಮೇಲಿನ ಬರಹವನ್ನೆಲ್ಲ ಓದಿದೆ. ನರ್ಸ್ ಬಂದು ಗಾಯದ ಪಟ್ಟಿ ಬಿಚ್ಚುವಾಗ ಮಾತ್ರ ಏನೋ ನೆನಪಾದಂತೆ ಎದ್ದು ಹೊರಗೆ ಹೋಗುತ್ತಿದ್ದೆ. ನಾಲ್ಕನೆಯ ದಿನ ತಡೆಯಲಾರದೆ ಚೀಲದಿಂದ ರಟ್ಟು ತೆಗೆದು ಅವರ ಕೈಗಿತ್ತೆ. ಹೆಸರಿನ ಕತೆ, ಕೋವಿಯ ಕತೆ, ರಜೆಯ ಸುಳ್ಳು, ಎಲ್ಲವನ್ನೂ ಹೇಳಿದೆ.

ಅಪ್ಪ ಕನ್ನಡಕ ಹಾಕಿಕೊಂಡು ತಮ್ಮ ಹೆಸರನ್ನು ಎಡದಿಂದ ಬಲಕ್ಕೆ ಓದಿದರು. ತೂತಿನ ಮೇಲೆ ಬೆರಳಿಟ್ಟರು. ಅವರು ಹೆದರುತ್ತಾರೆಂದು ನಾನು ಹೆದರಿದ್ದೆ.

“ಎಷ್ಟು ದೂರದಿಂದ ಹೊಡ್ದೆ?”

“ಮೂವತ್ತು ಗಜ.”

“ಹೊಡೆಯುವಾಗ ಎಲ್ಲಿ ನೋಡ್ತಾ ಇದ್ದೆ?”

“ಆಚೆ ಕಡೆ. ಕಣ್ಣು ಮುಚ್ಚಿದ್ದೆ.”

“ಅದೇ ತಪ್ಪು” ಎಂದರು ಅಪ್ಪ. “ನನ್ನ ಹೆಸರಲ್ಲಿ ಎಂತ ಬೇಕಾದ್ರೂ ಮಾಡು ಮಾರಾಯ, ಹೊಡೆಯುದಾದ್ರೆ ಹೊಡಿ. ಆದ್ರೆ ನೋಡಿ ಹೊಡಿ.” ಹಾಗೆಂದು ರಟ್ಟನ್ನು ದಿಂಬಿನ ಪಕ್ಕ ಇಟ್ಟು, ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಎಡಗೈ ಎತ್ತಿ ಪಕ್ಕೆ ನನ್ನ ಕಡೆಗೆ ತಿರುಗಿಸಿದರು.

ನೋಡಿದೆ.