ಮುತ್ತಾತನ ವಡೆ

ಪರದೇಶದ ಸ್ಟಾಫರ್ಡ್ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್ ರಿಟೈರಾದ ಹೃದಯದ ಡಾಕ್ಟರು. ಏನು ಕೇಳಿದರೂ ಕನ್ನಡಕ ಹಣೆಗೇರಿಸಿ, "ರಿಸ್ಕ್ ಬೇಡ ಕಣಯ್ಯ" ಅನ್ನುತ್ತಿದ್ದರು.

ಅವರ ಮುತ್ತಾತ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ರೈಲುಹಳಿ ಹಾಕುವ ಕೂಲಿಯಾಗಿದ್ದು, ಅಪಘಾತದಲ್ಲಿ ತೀರಿಕೊಂಡಿದ್ದರಂತೆ. ರೈಲಿಗೇ ಸಿಕ್ಕಿರಬೇಕೆಂದು ಅಂಕಲ್ ತೀರ್ಮಾನಿಸಿದ್ದರು. ಹಾಗಾಗಿ ಪ್ರತಿ ಪಿತೃಪಕ್ಷದಲ್ಲೂ ವಡೆ ಪಾಯಸದ ಎಡೆ ಹಿಡಿದು ರೈಲ್ವೆ ಗೇಟಿನ ಬಳಿ ನಿಲ್ಲುತ್ತಿದ್ದರು. ಕಾಗೆ ಬರುತ್ತಿರಲಿಲ್ಲ, ಮುಗಿಯದ ಗೂಡ್ಸ್ ರೈಲು ಮಾತ್ರ ಬರುತ್ತಿತ್ತು.

ಒಮ್ಮೆ ಮೈಸೂರಿನಿಂದ ಅವರ ಸೋದರತ್ತೆ ಫೋನಿನಲ್ಲಿ, "ಆಗ ರೈಲೆಲ್ಲಿತ್ತೋ? ಹಳಿ ಹಾಕೋದೇ ಮುಗಿದಿರ್ಲಿಲ್ಲ. ಜಲ್ಲಿ ಗಾಡಿ ಎತ್ತು ತಿವಿದು ಹೋದ್ರಂತೆ" ಅಂದರು. ಇಷ್ಟು ವರ್ಷ ಮುತ್ತಾತ ಬೇರೆಲ್ಲೋ ಉಪವಾಸ ಕಾದು ಕೂತಿದ್ದರಲ್ಲ ಎಂದು ಅಂಕಲ್‌ಗೆ ಊಟವೇ ಸೇರಲಿಲ್ಲ.

ಮರುವರ್ಷದ ಪಿತೃಪಕ್ಷಕ್ಕೆ ಅಂಕಲ್‌ರನ್ನು ಕೂರಿಸಿಕೊಂಡು ನಾನೇ ಡ್ರೈವ್ ಮಾಡಿದೆ. ಊರಾಚೆ ದನದ ಫಾರ್ಮೊಂದು, ಅದರ ಪಕ್ಕದಲ್ಲೇ ರೈಲುಹಳಿ. "ಎರಡೂ ಇರ್ಲಿ, ರಿಸ್ಕ್ ಬೇಡ" ಅಂದರು ಅಂಕಲ್. ಬೇಲಿಯ ಬುಡದಲ್ಲಿ ಎಡೆಯಿಟ್ಟು, ಕೈಮುಗಿದು ಕಣ್ಣು ಮುಚ್ಚಿದರು. ಅಷ್ಟರಲ್ಲಿ ಉದ್ದ ಕೊಂಬಿನ ಹೋರಿಯೊಂದು ಬಂದು ಬಾಳೆಲೆಯ ಸಮೇತ ಎಲ್ಲ ಮುಗಿಸಿತು.

ಅಂಕಲ್ ಕನ್ನಡಕ ಹಣೆಗೇರಿಸಿ ಅದನ್ನೇ ನೋಡಿದರು.

"ತಿವಿದಿದ್ದು ಸಾಲ್ದು ಅಂತ ಮುತ್ತಾತನ ವಡೇನೂ ತಿಂತಲ್ಲಯ್ಯ."