ನಡುಹಗಲಿನ ಸೂರ್ಯನಿಗೆ ಕೈಮುಗಿದವರು

ಊರವರೆಲ್ಲ ಬೆಳಿಗ್ಗೆ ಸೂರ್ಯನಿಗೆ ಕೈಮುಗಿದರೆ ನಮ್ಮ ಸಂಗಪ್ಪ ಮಾಸ್ತರು ಮುಗಿಯುತ್ತಿದ್ದದ್ದು ನಡುಹಗಲಿಗೆ. ಹೊತ್ತು ನೆತ್ತಿಗೆ ಬಂತೆಂದರೆ ಪಾಠ ಅಲ್ಲಿಗೇ ಬಿಟ್ಟು, ರುಮಾಲು ತೆಗೆದು ಕಂಕುಳಿಗೆ ಸೇರಿಸಿ, ಕಾದ ಅಂಗಳದಲ್ಲಿ ಬರಿಗಾಲಲ್ಲಿ ನಿಲ್ಲುತ್ತಿದ್ದರು. "ಮಾಸ್ತರಗ ತಡಾಗಿ ಬೆಳಗಾಗತೈತಿ" ಎಂದು ಊರು ನಗುತ್ತಿತ್ತು.

ಮೊನ್ನೆ ನನ್ನ ಮಗಳು ಹೆಣ್ಣು ಹಡೆದಳು. ತಾಯಿ, ಕೂಸು ಇಬ್ಬರೂ ಗಟ್ಟಿಯಾಗಿದ್ದಾರೆ. ನಾನು ಅಜ್ಜಿಯಾದೆ. ಓಣಿಯ ಮನೆಮನೆಗೆ ಸಕ್ಕರೆ ಹಂಚಿ ಬಂದೆ, ಎರಡು ಸಲ ಹಂಚಿದ ಮನೆಯೂ ಇದ್ದೀತು. ಮೂರನೇ ಇಯತ್ತೆಗೇ ಸಾಲಿ ಬಿಟ್ಟವಳು, ಬರೆಯುವ ರೂಢಿಯಿಲ್ಲ. ಆದರೆ ಈ ಸುದ್ದಿ ಮೊದಲು ಹೇಳಬೇಕಾದದ್ದು ಮಾಸ್ತರಿಗೆ, ಅವರೀಗ ಇಲ್ಲ. ಅದಕ್ಕೇ ಕುಳಿತು ಬರೆಯುತ್ತಿದ್ದೇನೆ.

ಅದು ಇಂಗ್ರೇಜರ ಕಾಲ. ಹಿರೇಕೆರೂರ ಹತ್ತಿರ ನಮ್ಮೂರು. ಸವಣೂರ ಸಂತೆಯಲ್ಲಿ ಕೊಂಡ, ರಟ್ಟು ಕಿತ್ತ ಇಂಗ್ಲಿಷ್ ಪುಸ್ತಕವೊಂದು ಮಾಸ್ತರ ಹತ್ತಿರ ಇತ್ತು. ಸಮುದ್ರದಾಚೆ ಮೆಕ್ಸಿಕೋ ದೇಶದಲ್ಲಿ ಹಿಂದೆ ಆಳಿದ ಅಜ್ಟೆಕರೆಂಬ ಜನರ ಕಥೆ ಅದರಲ್ಲಿ. ಸಂಜೆ ಸಾಲಿಯ ಕಟ್ಟೆಗೆ ದೊಡ್ಡವರೂ ಬಂದು ಕೇಳುತ್ತಿದ್ದರು. ಲಂಚ ತಿಂದ ನ್ಯಾಯಾಧೀಶನಿಗೆ ಅಲ್ಲಿ ಮರಣವಂತೆ. ಕುಡಿದು ಬಿದ್ದ ಹರೆಯದವನಿಗೂ ಮರಣ, ಮುದುಕರಿಗೆ ಮಾತ್ರ ಕುಡಿಯಲು ಅಡ್ಡಿಯಿಲ್ಲ.

"ಹಂಗಾರ ನನ್ನ ಅಲ್ಲಿಗೆ ಕಳಿಸಿಬಿಡ್ರಿ ಮಾಸ್ತರ," ಎಂದ ನಮ್ಮಜ್ಜ.

"ಬ್ಯಾಡ ಯಜ್ಜಾ. ಸೂರ್ಯ ಹುಟ್ಟಲಿ ಅಂತ ಮನಷ್ಯಾನ ಎದಿ ಸೀಳಿ ಗುಂಡಿಗಿ ಕೊಡೂ ಮಂದಿ ಅವರು. ನಿನ್ನ ಗುಂಡಿಗಿ ನೋಡಿದ್ರ ಸೂರ್ಯ ಹೊಳ್ಳಿ ಮಲಗ್ತಾನ."

ಆ ವರ್ಷವೇ ಅವ್ವ ಹೆರಿಗೆಯಲ್ಲಿ ಸತ್ತಳು. ಕೂಸು ಹೊರಗೆ ಬರಲೇ ಇಲ್ಲ. ಹಾಗೆ ಸತ್ತವಳು ದೆವ್ವವಾಗಿ ಮರಳುತ್ತಾಳೆಂದು ಹಿಮ್ಮಡಿಗೆ ಮೊಳೆ ಬಡಿದು ಹೂಳುವ ರೂಢಿ ನಮ್ಮಲ್ಲಿ. ಸೋದರತ್ತೆ ಕಮ್ಮಾರನಿಂದ ಮೊಳೆ ತರಿಸಿ ಸೆರಗಿಗೆ ಗಂಟು ಹಾಕಿಕೊಂಡಿದ್ದಳು. ಅಪ್ಪ ಗೋಡೆಗೆ ಮುಖ ಮಾಡಿ ಕುಳಿತಿದ್ದ. ನಾನು ಅವ್ವನ ಪಾದ ತಬ್ಬಿಕೊಂಡು ಬಿದ್ದಿದ್ದೆ, ಯಾರು ಎಳೆದರೂ ಬಿಡಲಿಲ್ಲ. ಆಗ ಮಾಸ್ತರು ಬಾಗಿಲಿಗೆ ಬಂದರು.

"ಮೊಳಿ ಬಡೀಲಿಲ್ಲಂದ್ರ ಆಕಿ ತಿರುಗಿ ಬರ್ತಾಳ್ರಿ. ಈ ಹುಡುಗೀನ್ನ ಎಳಕೊಂಡು ಹೋಗ್ತಾಳ," ಎಂದಳು ಅತ್ತೆ.

"ಬರ್ಲಿ ಬಿಡ ಯಕ್ಕಾ. ಮಗಳನ್ನ ನೋಡಾಕ ಅವ್ವ ಬರಬಾರದೇನು?"

"ಹೇಳಾಕ ಹಗೂರರಿ. ನಿಮ್ಮ ಮನ್ಯಾಗ ಆಗಿದ್ರ ತಿಳೀತಿತ್ತು."

"ಆಗೇತಿ," ಎಂದರು ಮಾಸ್ತರು. "ನನ್ನ ಹೇಣ್ತಿಗೆ ಮೊಳಿ ಬಡಿಯೂ ಮುಂದ ನಾ ಪಡಸಾಲ್ಯಾಗ ಕುಂತಿದ್ದೆ. ಆ ಸಪ್ಪಳ ಇನ್ನೂ ಕೇಳಾಕತ್ತೇನಿ."

ಅವರು ಅಪ್ಪನ ಪಕ್ಕ ಕುಕ್ಕರಗಾಲಲ್ಲಿ ಕುಳಿತರು. "ಗುಂಡಿಗಿ ಕೀಳೂ ಆ ಮಂದೀನೂ, ನಿಂಗಪ್ಪಾ, ಹಡ್ಯಾಕ ಹೋಗಿ ಸತ್ತಾಕಿನ್ನ ರಣದಾಗ ಬಿದ್ದ ದಂಡಾಳಿನ ಸಮ ಇಟ್ರು. ಆಕಿ ಕೈಬೆರಳಿನ್ಯಾಗ ಬಲ ಐತಿ ಅಂತ ಕತ್ತರಿಸಿ ಒಯ್ಯವ್ರು ಬರ್ತಿದ್ರು. ಗಂಡ ಗೋರಿ ಕಾಯ್ತಿದ್ದ."

ಅಪ್ಪ ಎದ್ದು ಅತ್ತೆಯ ಮುಂದೆ ಕೈ ಚಾಚಿದ. ಅವಳು ಬೈದಳು, ಅತ್ತಳು, ಕೊನೆಗೆ ಗಂಟು ಬಿಚ್ಚಿದಳು.

ಮೊಳೆಯಿಲ್ಲದೆ ಹೂತದ್ದಕ್ಕೆ ಊರು ಹೆದರಿತು. ಹೊರತೆಗೆದು ಬಡಿಯುತ್ತೇವೆ ಎಂದವರೂ ಇದ್ದರು. ಅಪ್ಪ ಕೊಡಲಿ ಹಿಡಿದು ಗೋರಿ ಕಾದ, ಜೊತೆಗೆ ಮಾಸ್ತರು. ಮಧ್ಯಾಹ್ನ ರೊಟ್ಟಿ ಒಯ್ದ ನನ್ನನ್ನು ಕೂರಿಸಿಕೊಂಡು ಅವರು ಹೇಳಿದರು: "ನೆತ್ತೀತನಕ ಸೂರ್ಯನ್ನ ಸತ್ತ ದಂಡಾಳುಗೋಳು ಕರಕೊಂಡು ಬರ್ತಾರಂತ. ಅಲ್ಲಿಂದ ಮುಳುಗೂತನಕ ಹಿಂಗ ಸತ್ತ ಅವ್ವದೇರು ಹೊತಗೊಂಡು ಹೋಗ್ತಾರ. ಈಗ ನಿಮ್ಮವ್ವನೂ ಹೊತ್ತಾಳ, ನೋಡು."

"ಆ ಮಂದಿ ಅವರಿಗೆ ಹೆದರ್ತಿದ್ದಿಲ್ಲೇನ್ರಿ?"

"ಹೆದರ್ತಿದ್ರು. ಹೆದರಿಕೋತನ ಕೈ ಮುಗೀತಿದ್ರು."

ಮುಂದೆ ಊರಲ್ಲಿ ಕೂಸುಗಳು ಜ್ವರದಿಂದ ಹೋದವು. ತಪ್ಪು ಅವ್ವನ ಮೇಲೆ ಬಂತು, ಅವಳಿಗಿಂತ ಹೆಚ್ಚು ಮಾಸ್ತರ ಮೇಲೆ. ಮಕ್ಕಳನ್ನು ಸಾಲಿ ಬಿಡಿಸಿದರು. ಮಾಸ್ತರ ಬೆನ್ನಿಗೆ ಕಲ್ಲೂ ಬಿತ್ತು. ಅವರು ಹಾನಗಲ್ಲಿಗೆ ಹೋದ ಮೇಲೆ ಒಂದು ಬೆಳಿಗ್ಗೆ ಅವ್ವನ ಗೋರಿಯನ್ನು ಯಾರೋ ಅಗೆದಿದ್ದರು. ಅಪ್ಪ ಒಬ್ಬನೇ ಹೋಗಿ ಮಣ್ಣು ಮುಚ್ಚಿ ಬಂದ. ಏನು ಕಂಡನೆಂದು ಸಾಯುವವರೆಗೂ ಹೇಳಲಿಲ್ಲ.

ನನ್ನನ್ನು ಶಿಗ್ಗಾಂವಿಗೆ ಕೊಟ್ಟರು. ತುಂಬಿದ ಬಸುರಿಯಿದ್ದಾಗ ಹಾನಗಲ್ಲಿಗೆ ಹೋಗಿ ಮಾಸ್ತರನ್ನು ಕಂಡೆ. ಹೊಟ್ಟೆಯಲ್ಲಿದ್ದವಳು ಮೊನ್ನೆ ಹಡೆದ ಇದೇ ಮಗಳು. ಸೂರ್ಯನನ್ನು ನೋಡಿ ನೋಡಿ ಅವರ ಕಣ್ಣು ಹೋಗಿದ್ದವು. ದನಿಯಿಂದಲೇ ಗುರುತು ಹಿಡಿದರು.

"ನಿಮ್ಮವ್ವನ ಗೋರಿ ಹಂಗ ಐತೇನವಾ?"

"ಹಂಗ ಐತ್ರಿ," ಎಂದೆ.

ಬಸುರಿ ಎಂದು ತಿಳಿಸಿದೆ. ಹೊತ್ತು ನೆತ್ತಿಗೆ ಬಂದಿತ್ತು. ಅವರು ಎದ್ದು ನಿಲ್ಲಲಿಲ್ಲ, ಕೈಮುಗಿಯಲೂ ಇಲ್ಲ. ತಡಕಾಡಿ ನನ್ನ ತಲೆಯ ಮೇಲೆ ಕೈಯಿಟ್ಟರು.

"ಸೂರ್ಯನ್ನ ಹೊರಾಕ ಅಲ್ಲಿ ಮಂದಿ ಸಾಕಷ್ಟ ಅದಾರ, ತಂಗಿ. ನೀ ಮನ್ಯಾಗ ಇರು."